ಹಳೆಯ ಸೂಜಿಗೆ ಹೊಸ ಸೂಜಿ

ಹಳೆಯ ಸೀರೆಯನ್ನು ಕೊಟ್ಟು ಹೊಸ ಪಾತ್ರೆಯನ್ನು ಪಡೆಯುವ ವ್ಯಾಪಾರ ನಮ್ಮ ಗೃಹಿಣಿಯರಿಗೆ ಚಿರಪರಿಚಿತವಾದುದು. ಬಳಸಿದ ಸೂಜಿಯನ್ನು ಒಪ್ಪಿಸಿ, ಬೆಲೆಯಿಲ್ಲದೆ ಹೊಸದನ್ನು ಪಡೆಯುವ ವಿನಿಮಯವನ್ನು ಸರಕಾರವೇ ನಡೆಸಿತೆಂದರೆ ಯಾರಿಗೂ ವಿಸ್ಮಯವಾದೀತು. ಪಡೆಯುವವರು ಹೆರಾಯಿನ್ ಚಟಕ್ಕೆ ಬಿದ್ದ ತರುಣ ತರುಣಿಯರೆಂದು ತಿಳಿದಾಗ ವಿಸ್ಮಯ ಕೋಪಕ್ಕೆ ತಿರುಗುವುದೂ ಸಹಜವೆ. ಆದರೆ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ನಡೆದುದನ್ನು ಕೇಳಿದ ಮೇಲೆ ಆ ಕೋಪ ಉಳಿಯುವುದು ಕಷ್ಟ.

1980ರ ಬಳಿಕ ಆ ನಗರದ ಬಡ ಬಡಾವಣೆಗಳಲ್ಲಿ, ಉದ್ಯೋಗವಿಲ್ಲದ ಹುಡುಗರ ನಡುವೆ, ಹೆರಾಯಿನ್ ಹರಡಿತು. ಸೂಜಿ ದೊರೆಯದಿದ್ದರೆ ಚಟವೂ ಅಡಗೀತೆಂಬುದು ಅಧಿಕಾರಿಗಳ ಎಣಿಕೆ. ಅಂಗಡಿಗಳಲ್ಲಿ ಸೂಜಿ, ಸಿರಿಂಜುಗಳ ಮಾರಾಟ ನಿಂತಿತು. ಜೇಬಿನಲ್ಲಿ ಸಿಕ್ಕಿದುದನ್ನು ಪೋಲೀಸರು ಕಸಿದುಕೊಂಡರು. ಸೂಜಿ ಹೋಯಿತು, ಚಟ ಹೋಗಲಿಲ್ಲ. ಇದ್ದ ಒಂದೇ ಸಿರಿಂಜು ಕೋಣೆಯಲ್ಲಿದ್ದವರ ತೋಳಿನಿಂದ ತೋಳಿಗೆ ಸಾಗತೊಡಗಿತು. ಅದರ ಕೊಳವೆಯಲ್ಲಿ ಕಣ್ಣಿಗೆ ಕಾಣದಷ್ಟು ಉಳಿದ ರಕ್ತವೇ ಏಡ್ಸ್ ವೈರಸ್ಸಿಗೆ ವಾಹನವಾಯಿತು.

ಮ್ಯೂರ್‌ಹೌಸ್ ಬಡಾವಣೆಯ ವೈದ್ಯ ರಾಯ್ ರಾಬರ್ಟ್‌ಸನ್ ಮತ್ತು ಅವರ ಸಂಗಡಿಗರು ಕಾಮಾಲೆಯ ತಪಾಸಣೆಗೆಂದು ಈ ತರುಣರ ರಕ್ತವನ್ನು ತೆಗೆದಿರಿಸಿದ್ದರು. ಹೊಸ ಪರೀಕ್ಷೆ ಬಂದೊಡನೆ ಅದನ್ನೇ ಮತ್ತೆ ಪರೀಕ್ಷಿಸಿದರು. 164 ಮಂದಿಯಲ್ಲಿ 83 ಮಂದಿಗೆ ಸೋಂಕು ತಗಲಿತ್ತು! 1986ರ ಫೆಬ್ರವರಿಯಲ್ಲಿ ಈ ಲೆಕ್ಕ ಪ್ರಕಟವಾದಾಗ ಊರು ತಲ್ಲಣಿಸಿತು. ಅನತಿದೂರದ ಗ್ಲಾಸ್ಗೋದಲ್ಲಿಯೂ ಹೆರಾಯಿನ್ನಿಗೆ ಕೊರತೆಯಿರಲಿಲ್ಲ; ಆದರೆ ಅಲ್ಲಿ ಸೋಂಕು ಬಹಳ ಕಡಮೆ.

ಅದೇ ವರ್ಷ ಮೆಕ್ಲೆಲಂಡ್ ಸಮಿತಿ ಸೂಜಿ ವಿನಿಮಯವನ್ನು ಸಲಹೆ ಮಾಡಿತು. 1987ರಲ್ಲಿ ಕೇಂದ್ರಗಳು ತೆರೆದವು. ಆಮ್‌ಸ್ಟರ್‌ಡಾಮಿನಲ್ಲಿ ಈ ಕೆಲಸವನ್ನು 1984ರಲ್ಲೇ ಆರಂಭಿಸಿದವರು ವ್ಯಸನಿಗಳ ಸಂಘದವರೇ ಎಂಬುದು ಸ್ವಾರಸ್ಯದ ಸಂಗತಿ. ಚಟಕ್ಕೆ ಇದು ಉತ್ತೇಜನವೆಂದು ಗೊಣಗಿದವರುಂಟು. ಆದರೆ ಸೂಜಿಗಾಗಿ ಬಂದವನು ದಾದಿಯೊಡನೆ ನಾಲ್ಕು ಮಾತನಾಡುತ್ತಾನೆ, ಕೀವಾದ ಗಾಯವನ್ನು ತೋರಿಸುತ್ತಾನೆ, ಒಂದು ದಿನ ಚಿಕಿತ್ಸೆಯನ್ನೂ ಕೇಳಬಹುದು. ಎಡಿನ್‌ಬರೋದಲ್ಲಿ ಹೊಸ ಸೋಂಕು ಇಳಿದುದರ ಕೀರ್ತಿ ಸೂಜಿಯೊಂದಕ್ಕೇ ಸಲ್ಲದು. ಹೆರಾಯಿನ್ನಿಗೆ ಬದಲಾಗಿ ಕುಡಿಸುವ ಮೆಥಡೋನ್ ಮದ್ದಿಗೂ ಅದರಲ್ಲಿ ಪಾಲಿದೆ.

ನಮ್ಮ ಮಣಿಪುರವೂ ಇದನ್ನು ಕಂಡಿದೆ. 1989ರ ಕೊನೆಯಿಂದ ಕೆಲವೇ ತಿಂಗಳುಗಳಲ್ಲಿ, ಪರೀಕ್ಷೆಗೊಳಗಾದ ಸೂಜಿವ್ಯಸನಿಗಳಲ್ಲಿ ಸೋಂಕು ಸೊನ್ನೆಯಿಂದ ಅರ್ಧಕ್ಕೇರಿತು. ಇಂದು ಭಾರತದ ಏಡ್ಸ್ ನಿಯಂತ್ರಣ ಯೋಜನೆಯಲ್ಲಿ ಹೊಸ ಸೂಜಿಯನ್ನು ಒದಗಿಸುವುದೂ ಒಂದು ಕೆಲಸ. ಹಿಂದಿರುಗಿದ ಹಳೆಯ ಸೂಜಿ, ಬರಿಗಾಲಿನ ಮಕ್ಕಳು ಓಡಾಡುವ ಬೀದಿಗೆ ಬೀಳದೆ, ಗಟ್ಟಿಮುಚ್ಚಳದ ಡಬ್ಬಿಯನ್ನು ಸೇರುತ್ತದೆ.