ಆರ್ಯಭಟನ 24 ಅರ್ಧಜ್ಯಾಗಳು

ಸೂರ್ಯ, ಚಂದ್ರ ಮತ್ತು ಗ್ರಹಗಳ ಚಲನೆಯನ್ನು ವೃತ್ತಗಳ ಮೂಲಕ ವಿವರಿಸುತ್ತಿದ್ದ ಪ್ರಾಚೀನ ಖಗೋಳಶಾಸ್ತ್ರಜ್ಞರಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತಿತ್ತು: ವೃತ್ತದ ಪರಿಧಿಯ ಒಂದು ಭಾಗ, ಅಂದರೆ ಕಂಸ, ತಿಳಿದಿದ್ದರೆ ಅದರ ಎರಡು ತುದಿಗಳನ್ನು ಸೇರಿಸುವ ಸರಳರೇಖೆಯಾದ ಜ್ಯಾದ ಉದ್ದವೆಷ್ಟು? ತ್ರಿಕೋನಮಿತಿ ಹುಟ್ಟಿದ್ದು ಈ ಪ್ರಶ್ನೆಯಿಂದ. ಕ್ರಿ.ಪೂ. 2ನೇ ಶತಮಾನದ ಗ್ರೀಕ್ ವಿದ್ವಾಂಸ ಹಿಪ್ಪಾರ್ಕಸ್ ಜ್ಯಾಗಳ ಕುರಿತು ಬರೆದ ಗ್ರಂಥ ಉಳಿದುಬಂದಿಲ್ಲ. ಅಲೆಕ್ಸಾಂಡ್ರಿಯಾದ ಟಾಲೆಮಿ ಕ್ರಿ.ಶ. 2ನೇ ಶತಮಾನದಲ್ಲಿ ರಚಿಸಿದ ‘ಆಲ್ಮಜೆಸ್ಟ್’ನಲ್ಲಿ, ತ್ರಿಜ್ಯವನ್ನು 60 ಭಾಗಗಳೆಂದು ಇಟ್ಟುಕೊಂಡು, ಅರ್ಧ ಡಿಗ್ರಿಯಿಂದ 180 ಡಿಗ್ರಿಯವರೆಗೆ ಅರ್ಧರ್ಧ ಡಿಗ್ರಿಗೆ ಜ್ಯಾದ ಉದ್ದವನ್ನು ಕೊಡುವ ಕೋಷ್ಟಕವಿದೆ.

ಆದರೆ ಲಂಬಕೋನ ತ್ರಿಭುಜವೊಂದನ್ನು ಬಿಡಿಸಲು ಈ ಕೋಷ್ಟಕವನ್ನು ಬಳಸುವವನು ಕೋನವನ್ನು ಇಮ್ಮಡಿಸಿ, ಅದರ ಜ್ಯಾವನ್ನು ಹುಡುಕಿ, ದೊರೆತದ್ದನ್ನು ಅರ್ಧಿಸಬೇಕಾಗುತ್ತಿತ್ತು. ಭಾರತದ ಸಿದ್ಧಾಂತಕಾರರು ಅರ್ಧಜ್ಯಾವನ್ನೇ ಕೋಷ್ಟಕದಲ್ಲಿ ಇರಿಸಿ ಈ ಸುತ್ತುದಾರಿಯನ್ನು ತಪ್ಪಿಸಿದರು. ಅರ್ಧಜ್ಯಾವನ್ನು ತ್ರಿಜ್ಯದಿಂದ ಭಾಗಿಸಿದರೆ ದೊರೆಯುವುದೇ ಇಂದಿನ ಸೈನ್.

476ರಲ್ಲಿ ಜನಿಸಿದ ಆರ್ಯಭಟನ ‘ಆರ್ಯಭಟೀಯ’ದಲ್ಲಿ ಈ ವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಡಿಗ್ರಿಗೆ 60 ಕಲೆಗಳಾದ್ದರಿಂದ ಇಡೀ ಪರಿಧಿಗೆ 21,600 ಕಲೆಗಳಾಗುತ್ತವೆ. ತ್ರಿಜ್ಯವನ್ನೂ ಅದೇ ಕಲೆಗಳಲ್ಲಿ ಅಳೆದರೆ ಅದು ಸುಮಾರು 3438 ಆಗುತ್ತದೆ. ಕಂಸಕ್ಕೂ ಸರಳರೇಖೆಗೂ ಒಂದೇ ಮಾನ ದೊರೆತದ್ದರಿಂದ, ಚಿಕ್ಕ ಕಂಸ ಮತ್ತು ಅದರ ಅರ್ಧಜ್ಯಾ ಬಹುಮಟ್ಟಿಗೆ ಸಮವಾಗುತ್ತವೆ: 225 ಕಲೆಗಳ, ಎಂದರೆ ಮೂರು ಮುಕ್ಕಾಲು ಡಿಗ್ರಿಯ, ಕಂಸಕ್ಕೆ ಅರ್ಧಜ್ಯಾವೂ 225. ಕೋನವನ್ನು ರೇಡಿಯನ್‌ಗಳಲ್ಲಿ ಅಳೆಯುವ ಇಂದಿನ ಕ್ರಮದ ಹಿಂದಿರುವ ವಿಚಾರವೂ ಇದೇ ಆದ್ದರಿಂದ, 3438ರ ಆಯ್ಕೆಯನ್ನು ಕೇವಲ ಲೆಕ್ಕದ ಅನುಕೂಲವೆಂದು ಎಣಿಸುವುದು ಆರ್ಯಭಟನಿಗೆ ಅನ್ಯಾಯ ಮಾಡಿದಂತೆ.

ಮೂರು ಮುಕ್ಕಾಲು ಡಿಗ್ರಿಯ ಅಂತರದಲ್ಲಿ 90 ಡಿಗ್ರಿಯವರೆಗಿನ 24 ಅರ್ಧಜ್ಯಾಗಳ ಬದಲು, ಒಂದಕ್ಕೂ ಮುಂದಿನದಕ್ಕೂ ಇರುವ 24 ವ್ಯತ್ಯಾಸಗಳನ್ನು ಆತ ತನ್ನ ಅಕ್ಷರಸಂಖ್ಯಾ ಪದ್ಧತಿಯಲ್ಲಿ ಒಂದೇ ಪದ್ಯದೊಳಗೆ ಅಡಕಗೊಳಿಸಿದ: 225, 224, 222, 219 ಎಂದು ಇಳಿಯುತ್ತ ಕೊನೆಗೆ 7ಕ್ಕೆ ಬರುವ ಸರಣಿ. ಅದರ ಹಿಂದಿನ ನಿಯಮ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಅಲ್ಲಿಯವರೆಗಿನ ಅರ್ಧಜ್ಯಾವನ್ನು 225ರಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಹಿಂದಿನ ವ್ಯತ್ಯಾಸದಿಂದ ಕಳೆದರೆ ಮುಂದಿನ ವ್ಯತ್ಯಾಸ ದೊರೆಯುತ್ತದೆ. ಮೊದಲು 1 ಕಳೆದು 224. ಎರಡರ ಮೊತ್ತವಾದ 449ನ್ನು ಭಾಗಿಸಿದಾಗ ಸುಮಾರು 2 ಬರುವುದರಿಂದ 222. ಮುಂದೆ ಅಲ್ಲಲ್ಲಿ ಸಣ್ಣ ಹೊಂದಾಣಿಕೆ ಬೇಕಾದರೂ, ಮೊದಲ ಎಂಟರ ಮೊತ್ತ 1719, ಅಂದರೆ 30 ಡಿಗ್ರಿಗೆ ತ್ರಿಜ್ಯದ ಸರಿಯಾದ ಅರ್ಧ. ಸೈನ್‌ನ ಬದಲಾವಣೆಯ ದರ ಕುಗ್ಗುವುದು ಆ ಸೈನ್‌ನ ಬೆಲೆಗೆ ಅನುಗುಣವಾಗಿಯೇ ಎಂಬ, ಕಲನಶಾಸ್ತ್ರದಲ್ಲಿ ಬಹಳ ಮುಂದೆ ಸ್ಪಷ್ಟರೂಪ ಪಡೆದ ಗುಣ ಇಲ್ಲಿ ಅಂಕಗಣಿತದ ವೇಷದಲ್ಲಿದೆ.

ಇಸ್ಲಾಮೀ ಜಗತ್ತಿನ ವಿದ್ವಾಂಸರು ಭಾರತದ ಸೈನ್ ಕೋಷ್ಟಕಗಳನ್ನು ಸ್ವೀಕರಿಸಿ, ಟ್ಯಾಂಜೆಂಟ್ ಮೊದಲಾದವುಗಳೊಡನೆ ಬೆಳೆಸಿದರು. 13ನೇ ಶತಮಾನದ ನಸೀರುದ್ದೀನ್ ತೂಸಿ ತ್ರಿಕೋನಮಿತಿಯನ್ನು ಖಗೋಳಶಾಸ್ತ್ರದಿಂದ ಬೇರ್ಪಡಿಸಿ ಸ್ವತಂತ್ರ ವಿಷಯವಾಗಿ ನಿರೂಪಿಸಿದ. ಕೇರಳದಲ್ಲಿ ಸಂಗಮಗ್ರಾಮದ ಮಾಧವ 14ನೇ ಶತಮಾನದ ಸುಮಾರಿಗೆ ಸೈನ್‌ಗೆ ಅನಂತ ಶ್ರೇಣಿಯನ್ನು ಕಂಡುಕೊಂಡು, ಅದೇ 24 ಕಂಸಗಳಿಗೆ ಹೊಸ ಬೆಲೆಗಳನ್ನು ನೀಡಿದ. ಕಲೆಯ 60ನೇ ಒಂದು ಭಾಗ ವಿಕಲೆ, ವಿಕಲೆಯ 60ನೇ ಒಂದು ಭಾಗ ತತ್ಪರೆ. ಆರ್ಯಭಟನ 225 ಕಲೆ ಮಾಧವನಲ್ಲಿ 224 ಕಲೆ, 50 ವಿಕಲೆ, 22 ತತ್ಪರೆ ಆಯಿತು.