ಒಣಗದ ಬಟ್ಟೆ, ಬಿಡದ ತುರಿಕೆ

ಜೂನ್ ಬಂತೆಂದರೆ ಹೆಜಮಾಡಿಯಲ್ಲಿ ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗದು. ತೊಡೆಸಂದಿಯ ಹುಳುಕಡ್ಡಿ ಎಂದು ಬರುವವರನ್ನು ನಾನು ಮೊದಲು ಕೇಳುವುದು: ಒಳಉಡುಪು ಪೂರ್ತಿ ಒಣಗಿತ್ತೇ? ಇದು ಶಿಲೀಂಧ್ರದ ಸೋಂಕು. ತೇವದಲ್ಲಿ ಬೆಳೆಯುತ್ತದೆ, ಒಂದೇ ಟವೆಲ್ ಬಳಸಿದರೆ ಮನೆಮಂದಿಗೆಲ್ಲ ಹರಡುತ್ತದೆ.

ಒಗೆದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುತ್ತಿ ಹಿಂಡಿ. ಒಳಮಗ್ಗುಲು ಹೊರಗೆ ಮಾಡಿ, ನಡುವೆ ಗೇಣು ಜಾಗ ಬಿಟ್ಟು ಫ್ಯಾನಿನಡಿ ಹರವಿ, ಕಿಟಕಿ ತೆರೆದಿರಲಿ. ಮುಚ್ಚಿದ ಮಲಗುವ ಕೋಣೆ ಬೇಡ, ಅಲ್ಲಿ ಬೂಷ್ಟು ಹಿಡಿದರೆ ಉಬ್ಬಸದವರಿಗೆ ತೊಂದರೆ. ಹೊಲಿಗೆ ಕೊನೆಗೆ ಒಣಗುತ್ತದೆ. ಅಲ್ಲಿ ಇಸ್ತ್ರಿ ಹಾಕಿ. ನೆನೆದ ಬುರ್ಖಾ, ಸ್ಕಾರ್ಫ್ ಮಡಚಿಡಬೇಡಿ. ವುಝೂ ಬಳಿಕ ಕಾಲ್ಬೆರಳ ಸಂದಿ ಒರೆಸಿಕೊಳ್ಳಿ.

ಅಂಗಡಿಯಿಂದ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆ ತಣಿಸುತ್ತದೆ, ಸೋಂಕನ್ನು ಬೆಳೆಸುತ್ತದೆ. ಅದನ್ನು ಹಚ್ಚದೆ ವೈದ್ಯರಿಗೆ ತೋರಿಸಿ.