ಊರಿಗೆ ಊರೇ ಜಾಗರಣೆ

2002ರ ಅಕ್ಟೋಬರ್ 5ರ ರಾತ್ರಿ ಪ್ಯಾರಿಸ್ಸಿನ ಐಫೆಲ್ ಗೋಪುರದ ತುದಿಯಲ್ಲಿ ಒಂದು ಮಂಚ ಹಾಕಿತ್ತು. ಅದರ ಮೇಲೆ ಮಲಗಿದ್ದವರು ಫ್ರೆಂಚ್ ಕಲಾವಿದೆ ಸೋಫಿ ಕಾಲ್. ಮೇಲೆ ಹತ್ತಿ ಬಂದವರು ಅವರ ಪಕ್ಕದಲ್ಲಿ ಕೂತು, ನಿದ್ದೆ ಬಾರದಂತೆ ಒಂದು ಕಥೆ ಹೇಳಬೇಕು. ಒಬ್ಬರಿಗೆ ಐದು ನಿಮಿಷ. ಕಥೆ ರೋಚಕವಾಗಿದ್ದರೆ ಇನ್ನೂ ಸ್ವಲ್ಪ ಹೊತ್ತು. ಹೇಳಲು ಕಥೆಯೇ ಇಲ್ಲದವರಿಗೆ ಪ್ರವೇಶವಿಲ್ಲ. ನೂರಾರು ಅಪರಿಚಿತರು ಬಂದು ಕಥೆ ಹೇಳಿ ಹೋದರು. ಆ ರಾತ್ರಿ ಅಲ್ಲಿ ಕಲಾಕೃತಿ ಎಂದು ಇದ್ದದ್ದು ಇಷ್ಟೇ: ಒಂದು ಮಂಚ, ಎಚ್ಚರವಾಗಿರಬೇಕಾದ ಒಬ್ಬ ಹೆಂಗಸು, ಆಕೆಯನ್ನು ಎಚ್ಚರವಾಗಿಡಲು ಬಂದ ಊರಿನ ಜನ.

‘ನ್ವಿ ಬ್ಲಾಂಶ್’, ಅಂದರೆ ನಿದ್ದೆಯಿಲ್ಲದ ರಾತ್ರಿ, ಎಂಬ ಕಲಾ ಉತ್ಸವ ಪ್ಯಾರಿಸ್ಸಿನಲ್ಲಿ ಶುರುವಾದದ್ದು ಅಂದೇ. ವರ್ಷಕ್ಕೊಮ್ಮೆ, ಒಂದು ಶನಿವಾರ ರಾತ್ರಿ, ನಗರದ ಬೀದಿ, ಚರ್ಚು, ಈಜುಕೊಳ, ಸರ್ಕಾರಿ ಕಟ್ಟಡಗಳೆಲ್ಲ ಕಲಾವಿದರ ಕೈಗೆ ಬರುತ್ತವೆ. ನೋಡುವವರಿಗೆ ಎಲ್ಲವೂ ಉಚಿತ. ಚಾಲಕರಿಲ್ಲದೆ ಓಡುವ 14ನೇ ಮೆಟ್ರೊ ಮಾರ್ಗವನ್ನು ಈ ಉತ್ಸವಕ್ಕಾಗಿ ಹಲವು ವರ್ಷ ರಾತ್ರಿಯಿಡೀ ಓಡಿಸಿದ್ದಾರೆ. ರಾತ್ರಿಯಿಡೀ ಬಯಲಾಟ ನೋಡಿದ ನಮ್ಮವರಿಗೆ ನಿದ್ದೆಗೆಟ್ಟು ಕಲೆಯ ಮುಂದೆ ಕೂರುವುದು ಹೊಸದೇನಲ್ಲ. ಆದರೆ ಇಲ್ಲಿ ರಂಗಸ್ಥಳ ಒಂದೇ ಕಡೆ ಇಲ್ಲ. ಪ್ರೇಕ್ಷಕರು ನಕ್ಷೆ ಹಿಡಿದು ನಡೆಯುತ್ತಲೇ ಇರುತ್ತಾರೆ.

ಆ ಮೊದಲ ರಾತ್ರಿಯೇ ಉತ್ಸವ ಕೊನೆಗೊಂಡುಬಿಡಬಹುದಿತ್ತು. ಮೇಯರ್ ಬೆರ್ಟ್ರಾಂಡ್ ಡೆಲನೊಯೆ ಪುರಭವನದ ಬಾಗಿಲನ್ನು ಜನರಿಗೆ ತೆರೆಸಿ, ತಾವೂ ಅವರ ನಡುವೆ ಓಡಾಡುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ಗುಂಪಿನಲ್ಲಿದ್ದ ಒಬ್ಬ ಅವರ ಹೊಟ್ಟೆಗೆ ಚೂರಿ ಹಾಕಿದ. ಆಸ್ಪತ್ರೆಗೆ ಹೊರಟಾಗ ಅವರು ಹೇಳಿದ್ದು ಉತ್ಸವ ನಿಲ್ಲಬಾರದೆಂದು. ಉತ್ಸವ ನಿಲ್ಲಲಿಲ್ಲ, ಮರುವರ್ಷವೂ ನಡೆಯಿತು. ನಗರವೊಂದು ರಾತ್ರಿ ಹೊತ್ತು ತನ್ನ ಬಾಗಿಲು ತೆರೆಯುವುದೆಂದರೆ ಗುರುತಿಲ್ಲದ ಸಾವಿರಾರು ಜನರನ್ನು ನಂಬುವುದು. ಆ ನಂಬಿಕೆಗೆ ಪೆಟ್ಟು ಬಿದ್ದ ಗಳಿಗೆಯಲ್ಲೂ ಬಾಗಿಲು ಮುಚ್ಚಿಸದ ಡೆಲನೊಯೆಯವರ ಬಗ್ಗೆ ನನಗೆ ಅಪಾರ ಗೌರವ.

ಈ ಕಲ್ಪನೆಯ ಬೇರು ನಾಂತ್ ಎಂಬ ಬಂದರು ನಗರದಲ್ಲಿದೆ. 1987ರಲ್ಲಿ ಅಲ್ಲಿನ ಹಡಗು ಕಟ್ಟುವ ಕಾರ್ಖಾನೆಗಳು ಮುಚ್ಚಿ, ಊರು ಮಂಕಾಗಿತ್ತು. 1990ರಿಂದ ಜಾನ್ ಬ್ಲೇಜ್ ಎಂಬ ಸಂಘಟಕರು ಅಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ, ಆರು ರಾತ್ರಿಗಳ ಉತ್ಸವ ನಡೆಸಿದರು. ವರ್ಷಕ್ಕೊಂದು ಪರದೇಶದ ನಗರದ ಕಲಾವಿದರು ಅತಿಥಿಗಳು: ಬಾರ್ಸಿಲೋನಾ, ಸೇಂಟ್ ಪೀಟರ್ಸ್‌ಬರ್ಗ್, ಬ್ಯೂನಸ್ ಐರಿಸ್, ನೇಪಲ್ಸ್, ಕೈರೊ. ಪ್ಯಾರಿಸ್ ತನ್ನ ಮೊದಲ ಉತ್ಸವದ ಹೊಣೆಯನ್ನು ಇದೇ ಬ್ಲೇಜ್ ಅವರಿಗೆ ವಹಿಸಿತು. ಅಲ್ಲಿಂದ ಮುಂದೆ ರೋಮ್, ಮಾಂಟ್ರಿಯಲ್, ಬ್ರಸೆಲ್ಸ್ ಹೀಗೆ ಊರಿಂದೂರಿಗೆ ಇದು ಹಬ್ಬಿತು.

2006ರಲ್ಲಿ ಕೆನಡಾದ ಟೊರಾಂಟೊ ಸೇರಿಕೊಂಡಿತು. ಆ ವರ್ಷ ಜಪಾನಿನ ಫುಜಿಕೊ ನಕಾಯಾ ಅಲ್ಲಿ ಮಾಡಿದ ಕೆಲಸದ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ಅವರ ಮಾಧ್ಯಮ ಮಂಜು. ತಂದೆ ಉಕಿಚಿರೊ ನಕಾಯಾ ಪ್ರಯೋಗಾಲಯದಲ್ಲಿ ಮೊದಲ ಬಾರಿಗೆ ಹಿಮದ ಹರಳು ಬೆಳೆಸಿದ ವಿಜ್ಞಾನಿ. ಮಗಳು 1970ರ ಒಸಾಕಾ ಜಾಗತಿಕ ಮೇಳದಲ್ಲಿ ಒಂದು ಕಟ್ಟಡವನ್ನೇ ಮಂಜಿನಲ್ಲಿ ಮುಚ್ಚಿದವರು. ರಾಸಾಯನಿಕ ಹೊಗೆಯ ಗೊಡವೆಯಿಲ್ಲ. ಬರೀ ನೀರನ್ನು ಭಾರೀ ಒತ್ತಡದಲ್ಲಿ ಅತಿ ಸಣ್ಣ ರಂಧ್ರದ ನಳಿಕೆಗಳಿಂದ ಚಿಮ್ಮಿಸುತ್ತಾರೆ. ಅದು ಕಣಕಣವಾಗಿ ಒಡೆದು ಗಾಳಿಯಲ್ಲಿ ತೇಲುತ್ತದೆ. ಆಮೇಲೆ ಅದರ ಆಕಾರ ಗಾಳಿಗೆ, ತೇವಕ್ಕೆ, ಚಳಿಗೆ ಬಿಟ್ಟದ್ದು. ಟೊರಾಂಟೊದಲ್ಲಿ ಅವರಿಗೆ ಒದಗಿದ ಜಾಗ ವಿಶ್ವವಿದ್ಯಾಲಯದ ಬದಿಯ ‘ಫಿಲಾಸಫರ್ಸ್ ವಾಕ್’ ಎಂಬ ತಗ್ಗಿನ ಕಾಲುದಾರಿ. ಹಿಂದೆ ಅಲ್ಲಿ ಟ್ಯಾಡಲ್ ಎಂಬ ತೊರೆ ಹರಿಯುತ್ತಿತ್ತು. 19ನೇ ಶತಮಾನದಲ್ಲೇ ಅದನ್ನು ನೆಲದಡಿಯ ಕೊಳವೆಗೆ ತಳ್ಳಿದ್ದರು. ನೀರು ಕಾಣೆಯಾದ ಆ ಹಳ್ಳದಲ್ಲಿ ಒಂದು ರಾತ್ರಿಯ ಮಟ್ಟಿಗೆ ನೀರು ಮಂಜಾಗಿ ತುಂಬಿತು, ಜನ ಅದರೊಳಗೇ ನಡೆದಾಡಿದರು.

2013ರಲ್ಲಿ ಟೊರಾಂಟೊ ಪುರಭವನದ ಮುಂದಿನ ನೇಥನ್ ಫಿಲಿಪ್ಸ್ ಚೌಕದಲ್ಲಿ ಚೀನಾದ ಐ ವೈವೈ 3,144 ಸೈಕಲ್‌ಗಳನ್ನು ಒಂದಕ್ಕೊಂದು ಜೋಡಿಸಿ ನಿಲ್ಲಿಸಿದರು. ಪಾಸ್‌ಪೋರ್ಟನ್ನು ಚೀನಾ ಸರ್ಕಾರ ಕಿತ್ತಿಟ್ಟುಕೊಂಡಿದ್ದರಿಂದ ಅವರಿಗೇ ಬರಲಾಗಲಿಲ್ಲ. ಸೈಕಲ್‌ಗಳು ಆ ರಾತ್ರಿ ಮುಗಿದ ಮೇಲೂ ಕೆಲವು ವಾರ ಅಲ್ಲೇ ಇದ್ದವು. ಹಗಲಲ್ಲೂ ಅವು ಚೆಂದವೇ ಇದ್ದಿರಬೇಕು. ಆದರೂ ನನ್ನ ಮನಸ್ಸು ಮಂಜಿನ ಕಡೆಗೇ ವಾಲುತ್ತದೆ. ಗೋಡೆಗೆ ಬಣ್ಣದ ಬೆಳಕು ಬಿಟ್ಟು ಸುಮ್ಮನಾಗುವ ಕೃತಿಗಳೂ ಇಂಥ ಉತ್ಸವಗಳಲ್ಲಿ ಬೇಕಾದಷ್ಟಿವೆ. ಜನ ಮೊಬೈಲ್ ಎತ್ತಿ ಫೋಟೊ ಹೊಡೆದು ಮುಂದಿನ ಬೀದಿಗೆ ಹೋಗುತ್ತಾರೆ. ಸೋಫಿ ಕಾಲ್ ಅವರ ಮಂಚವನ್ನು ಹಗಲು ಹನ್ನೊಂದು ಗಂಟೆಗೆ ಇಟ್ಟಿದ್ದರೆ ಅದಕ್ಕೆ ಅರ್ಥವೇ ಇರುತ್ತಿರಲಿಲ್ಲ. ರಾತ್ರಿಯಿಲ್ಲದೆ ನಿಲ್ಲಲಾರದ ಕೃತಿಗೇ ಈ ಉತ್ಸವದಲ್ಲಿ ಮೊದಲ ಮಣೆ ಸಿಗಬೇಕು.

ಅದಕ್ಕೇ ಪ್ಯಾರಿಸ್ 2023ರಲ್ಲಿ ಉತ್ಸವವನ್ನು ಅಕ್ಟೋಬರ್‌ನಿಂದ ಜೂನ್‌ಗೆ ತಂದದ್ದು ನನಗೆ ಹಿಡಿಸಿಲ್ಲ. ಚಳಿ ಕಡಿಮೆ, ನಿಜ. ಆದರೆ ಜೂನ್‌ನಲ್ಲಿ ಅಲ್ಲಿ ಕತ್ತಲಾಗುವುದೇ ಹತ್ತರ ಮೇಲೆ, ಆರಕ್ಕೆ ಮೊದಲೇ ಸೂರ್ಯ ಹುಟ್ಟಿರುತ್ತಾನೆ. ಟೊರಾಂಟೊ ಇನ್ನೂ ಶರತ್ಕಾಲವನ್ನು ಬಿಟ್ಟಿಲ್ಲ. ಅಲ್ಲಿ ಅಕ್ಟೋಬರ್ ಆರಂಭದಲ್ಲಿ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಉತ್ಸವ. ಮಕ್ಕಳೊಂದಿಗೆ ಹೋಗುವವರಿಗೆ ಮೊದಲ ಎರಡು ಮೂರು ಗಂಟೆ ಸಾಕು. ಕೃತಿಯ ಮುಂದೆ ನಿಧಾನವಾಗಿ ನಿಲ್ಲುವ ಆಸೆಯಿದ್ದವರು ಒಂದೇ ಬಡಾವಣೆ ಆರಿಸಿಕೊಂಡು, ದಪ್ಪನೆಯ ಜಾಕೆಟ್ ತೊಟ್ಟು, ಗುಂಪು ಕರಗಿದ ಮೇಲೆ ನಸುಕಿನ ಮೂರರ ಸುಮಾರಿಗೆ ಹೋಗುವುದು ಒಳ್ಳೆಯದು.